ಅವ್ವ ಕೂಡಲಾರದ ಗಾಡಿ

ಹೋದ ತಿಂಗಳು ಒಂದು ಗುರುವಾರ ಬೆಳಿಗ್ಗೆ ಅವ್ವಗೆ ಭೈರಿದೇವರಕೊಪ್ಪಕ್ಕೆ ಹೋಗಬೇಕಿತ್ತು, ಚಿಗವ್ವನ ಮನೆಗೆ. ನಾನೂ ಕಾಲೇಜಿಗೆ ಅದೇ ದಾರಿಯಲ್ಲಿ ಹೊರಟಿದ್ದೆ. "ಬಾ ಯವ್ವಾ, ಬಿಟ್ಟು ಹೋಗ್ತೀನಿ" ಅಂದೆ. ಅವ್ವ ಗೇಟಿನ ತನಕ ಬಂದು ನನ್ನ ಬೈಕಿನ ಹಿಂದಿನ ಸೀಟನ್ನ ಒಂದು ಸಲ ನೋಡಿದಳು, ಆಮೇಲೆ ತನ್ನ ಸೀರೆಯನ್ನ ಒಂದು ಸಲ ನೋಡಿಕೊಂಡಳು. "ಇದರ ಮ್ಯಾಲ ನಾ ಹೆಂಗ ಕೂಡ್ಲೋ? ನಮ್ಮ ಮುಂದಿನ ಕಟ್ಟಿಗಿಂತ ಎತ್ತರ ಅದ. ನೀ ನಡಿ, ನಾ ಚಿಗರಿಗೆ ಹೋಗ್ತೀನಿ" ಅಂದಳು.

ನಾನು ಹೊರಟೆ. ನವನಗರದಲ್ಲಿ ಪೆಟ್ರೋಲ್ ಹಾಕಿಸಿಕೊಂಡೆ. ಎಪಿಎಂಸಿ, ಶಾಂತಿನಿಕೇತನ ದಾಟಿ ಭೈರಿದೇವರಕೊಪ್ಪದ ಹತ್ತಿರ ಬಂದು ಸಿಗ್ನಲ್‌ನಲ್ಲಿ ನಿಂತೆ. ಪಕ್ಕದಲ್ಲಿ ಟಂಟಂ, ಮುಂದೆ ಕಬ್ಬಿಣದ ಸಲಾಕೆ ಹೊತ್ತ ಒಂದು ಟೆಂಪೊ. ಅಷ್ಟರಲ್ಲಿ ನಡುವಿನ ಲೇನ್‌ನಲ್ಲಿ ಬಿಆರ್‌ಟಿಎಸ್ ಬಸ್ ಸುಮ್ಮನೆ ನನ್ನನ್ನು ದಾಟಿಕೊಂಡು ಹೋಯ್ತು. ಕಿಟಕಿ ಹತ್ತಿರ ಅವ್ವ. ನನ್ನನ್ನ ನೋಡಿ ಕೈ ಬೀಸಿದಳು. ಎಸಿಯಲ್ಲಿ ಕೂತಿದ್ದಳು. ನಾನು ಹೆಲ್ಮೆಟ್ ಒಳಗೆ ಬೆವರುತ್ತಾ ಎರಡೂ ಮಣಿಕಟ್ಟು ತಿಕ್ಕಿಕೊಳ್ತಿದ್ದೆ.

ಈ ಲೇಖನ ಆ ಮಣಿಕಟ್ಟಿನ ಬಗ್ಗೆ, ಆ ಸೀಟಿನ ಬಗ್ಗೆ. ಇನ್ನೊಂದು ಮಾತು: ನನ್ನದು ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಕ್ಲಬ್‌ನವರು ತಿದ್ದಿರ್ತಾರೆ ಅಂತ ನಂಬಿಕೆ.

ನಮ್ಮ ಕಾಲೇಜಿನ ಪಾರ್ಕಿಂಗ್‌ಗೆ ಹೋಗಿ ನೋಡಿ. ಫುಲ್ ಫೇರಿಂಗ್ ಇರೋ, ಹ್ಯಾಂಡಲ್ ಕೆಳಗಿರೋ, ಹಿಂದಿನ ಸೀಟು ಆಕಾಶ ನೋಡೋ ಗಾಡಿಗಳು ಒಂದು ಸಾಲು ಪೂರ್ತಿ ಸಿಗ್ತವೆ. ಈ ಜಾತಿಗೆ ನಮ್ಮ ದೇಶದಲ್ಲಿ ದಾರಿ ಮಾಡಿದ್ದು ಯಮಹಾ ಆರ್15. 2008ರಲ್ಲಿ ಬಂತು. ಅವಾಗ ನಾವೆಲ್ಲ ಇನ್ನೂ ಸಣ್ಣ ಹುಡುಗರು. 150 ಸಿಸಿ ಇಂಜಿನ್‌ಗೆ ಲಿಕ್ವಿಡ್ ಕೂಲಿಂಗ್, ಡೆಲ್ಟಾಬಾಕ್ಸ್ ಫ್ರೇಮ್, ರೇಸ್ ಬೈಕಿನ ಕೂರುವ ರೀತಿ, ಇದೆಲ್ಲ ಕಾಲೇಜು ಹುಡುಗರ ಕೈಗೆ ಸಿಕ್ಕಿದ್ದು ಆಗಲೇ. ಅದಾದ ಮೇಲೆ ಬೇರೆ ಕಂಪನಿಗಳ ಗಾಡಿಗಳೂ ಬಂದವು. ನನ್ನದೂ ಆ ಜಾತಿಯದ್ದೇ, ಸೆಕೆಂಡ್ ಹ್ಯಾಂಡ್. ಕಂಪನಿ ಹೆಸರು ಬೇಡ, ಯಾಕಂದ್ರೆ ನಾನು ಹೇಳೋ ತಪ್ಪುಗಳು ಗಾಡಿಯವಲ್ಲ, ನನ್ನವು. ಪಿಯುಸಿ ಮುಗಿದ ಮೇಲೆ ಅಪ್ಪ ಚೀಟಿ ಎತ್ತಿ ಕೊಡಿಸಿದ್ದು. ಅಪ್ಪ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೀತಾರೆ. ಆ ಚೀಟಿ ಮನೆಯ ಮೇಲಿನ ನೀರಿನ ಟಾಕಿ ಮತ್ತು ಸೋರೋ ಮೂಲೆ ರಿಪೇರಿಗೆ ಅಂತ ಇಟ್ಟಿದ್ದು. ಇದು ನನಗೆ ಆಮೇಲೆ ಗೊತ್ತಾಯ್ತು.

ಕೊಳ್ಳುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಶಬ್ದ: ಲೈಟ್‌ವೇಟ್. ಯೂಟ್ಯೂಬ್‌ನಲ್ಲಿ ಲೋಟಸ್ ಎಲೀಸ್ ಅನ್ನೋ ಇಂಗ್ಲೆಂಡಿನ ಕಾರಿನ ವಿಡಿಯೋಗಳನ್ನು ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದೆ. 1996ರಲ್ಲಿ ಬಂದ ಕಾರು. ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್‌ಗಳನ್ನ ವೆಲ್ಡ್ ಮಾಡದೆ ಅಂಟು ಹಚ್ಚಿ ಜೋಡಿಸಿದ ಚಾಸಿ. ಆ ಚಾಸಿಯ ತೂಕ 68 ಕೆ.ಜಿ., ಅಂದ್ರೆ ನನಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇಡೀ ಕಾರು ಸುಮಾರು 725 ಕೆ.ಜಿ. ಸುಮಾರು 120 ಪಿಎಸ್ ಇಂಜಿನ್. ಇಂಥ ಕಾರನ್ನ ದಿನಾ ಆಫೀಸಿಗೆ ಓಡಿಸೋ ಜನ ಅಲ್ಲಿದ್ದಾರೆ. ಬಾಗಿಲ ಕೆಳಗಿನ ಅಗಲವಾದ ಚಾಸಿ ದಾಟಿ ಒಳಗೆ ಇಳಿಯಬೇಕು, ಬ್ಯಾಗ್ ಇಡೋಕೆ ಜಾಗ ಕಡಿಮೆ, ಸದ್ದು ಜಾಸ್ತಿ, ಆದರೂ ಬಿಡಲ್ಲ. ನನಗೆ ಅವರು ದೊಡ್ಡ ಮನುಷ್ಯರ ಹಾಗೆ ಕಂಡರು. ನವನಗರದಲ್ಲಿ ಎಲೀಸ್ ಸಿಗಲ್ಲ, ಸಿಕ್ಕರೂ ಅಪ್ಪನ ಚೀಟಿಗೆ ಬರಲ್ಲ. ಅದರ ಎರಡು ಚಕ್ರದ ತಮ್ಮ ಅಂತ ಈ ಬೈಕ್ ತಗೊಂಡೆ.

ಈ ಸೆಮಿಸ್ಟರ್‌ನಲ್ಲಿ ಒಂದು ದಿನ ಬೇಜಾರಾಗಿ ಸ್ಪೆಸಿಫಿಕೇಷನ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿದೆ. ಈಗಿನ ಆರ್15 ತುಂಬಿದ ಟ್ಯಾಂಕಿನೊಂದಿಗೆ ಸುಮಾರು 142 ಕೆ.ಜಿ. ಅಪ್ಪ ದಿನಾ ಎಪಿಎಂಸಿಗೆ ಓಡಿಸೋ ಸ್ಪ್ಲೆಂಡರ್ ಪ್ಲಸ್ 112 ಕೆ.ಜಿ. ಒಂದು ನಿಮಿಷ ನಾನೇ ನಂಬಲಿಲ್ಲ. ನನ್ನ ಪೋಸ್ಟರ್‌ನ ಲೈಟ್‌ವೇಟ್ ರೇಸ್ ಬೈಕಿಗಿಂತ, ಹಿಂದೆ ಜೋಳದ ಡಬ್ಬಿ ಕಟ್ಟಿಕೊಂಡು ಗಿರಣಿಗೆ ಹೋಗೋ ಗಾಡಿ 30 ಕೆ.ಜಿ. ಹಗುರ. ಕಾರಿನ ಕಡೆ ನೋಡಿದರೆ ಅಲ್ಲೂ ಅದೇ ಕಥೆ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಸುಮಾರು 650 ಕೆ.ಜಿ., ಎಲೀಸ್‌ಗಿಂತ ಕಡಿಮೆ. ನಮ್ಮ ದೊಡ್ಡಪ್ಪ ನಮ್ಮೆಲ್ಲರನ್ನೂ ತುಂಬಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗ್ತಿದ್ದದ್ದು ಅದರಲ್ಲೇ. ಅದೂ ಲೈಟ್‌ವೇಟ್ ಕಾರೇ, ಆದರೆ ಯಾರೂ ಅದರ ಪೋಸ್ಟರ್ ಅಂಟಿಸಲಿಲ್ಲ. 2023ರಲ್ಲಿ ಅದೇ ಲೋಟಸ್ ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದಾಗ ಮೊದಲು ತಂದದ್ದು ಎಲೆಟ್ರೆ ಅನ್ನೋ ಎಲೆಕ್ಟ್ರಿಕ್ ಎಸ್‌ಯುವಿ. ತೂಕ ಸುಮಾರು ಎರಡೂವರೆ ಟನ್.

ಹಂಗಾದ್ರೆ ನಾವು ದುಡ್ಡು ಕೊಡ್ತಿರೋದು ಹಗುರಕ್ಕಲ್ಲ. ಮತ್ತೆ ಯಾವುದಕ್ಕೆ?

ನ್ಯಾಯವಾಗಿ ಹೇಳಬೇಕು ಅಂದ್ರೆ, ಪವರ್‌ಗೆ ಕೊಡ್ತೀವಿ. ಆರ್15 18.4 ಪಿಎಸ್, ಸ್ಪ್ಲೆಂಡರ್ ಸುಮಾರು 8 ಪಿಎಸ್. ಒಂದು ಟನ್ ತೂಕಕ್ಕೆ ಇಷ್ಟು ಅಂತ ಲೆಕ್ಕ ಹಾಕಿದರೆ ಒಂದಕ್ಕೆ 130, ಇನ್ನೊಂದಕ್ಕೆ 71. ದೊಡ್ಡ ವ್ಯತ್ಯಾಸ. ಆದರೆ ಆ 18.4 ಸಿಗೋದು 10,000 ಆರ್‌ಪಿಎಂನಲ್ಲಿ. ಟಾರ್ಕ್ ಪೂರ್ತಿ ಸಿಗೋದು 7,500ರಲ್ಲಿ. ನವನಗರದಿಂದ ವಿದ್ಯಾನಗರದ ಕಡೆಗೆ ನನ್ನ ದಾರಿ ಆರೇಳು ಕಿ.ಮೀ. ಅದರಲ್ಲಿ ನನ್ನ ಟ್ಯಾಕೊಮೀಟರ್ 5,000 ದಾಟೋದು ಅಪರೂಪ. ದಾಟಿದರೂ ಮುಂದಿನ ಟಂಟಂ ತನಕ ಮಾತ್ರ. ಇನ್ನೊಂದು ತಮಾಷೆ ಲೆಕ್ಕ: ಇಂಥ ಗಾಡಿ ಮೇಲೆ 60 ಕೆ.ಜಿ.ಯ ನಾನು ಕೂತರೆ ಆ 130 ಇಳಿದು 91 ಆಗ್ತದೆ. ಹಿಂದೆ ಇನ್ನೊಬ್ಬರು 60 ಕೆ.ಜಿ. ಕೂತರೆ 70. ಅಂದ್ರೆ ಇಬ್ಬರನ್ನು ಹೊತ್ತ ರೇಸ್ ಬೈಕು ಖಾಲಿ ನಿಂತ ಸ್ಪ್ಲೆಂಡರ್‌ಗೆ ಸಮ. ಹಗುರ ಗಾಡಿಯಲ್ಲಿ ದೊಡ್ಡ ತೂಕ ಮನುಷ್ಯರದ್ದೇ. ನಾನು ಗಾಡಿ ತಗೊಂಡ ವಾರವೇ ಸೀರೆ ಗಾರ್ಡ್ ಬಿಚ್ಚಿಸಿ "ಒಂದು ಕೆ.ಜಿ. ಉಳೀತು" ಅಂತ ಖುಷಿಪಟ್ಟಿದ್ದೆ. ಮರುದಿನ ಲ್ಯಾಪ್‌ಟಾಪ್, ಡ್ರಾಯಿಂಗ್ ಸಾಮಾನು, ಟಿಫಿನ್ ಡಬ್ಬಿ ಸೇರಿ ಐದು ಕೆ.ಜಿ. ಬ್ಯಾಗ್ ಬೆನ್ನಿಗೆ ಏರಿಸಿಕೊಂಡು ಕಾಲೇಜಿಗೆ ಬಂದೆ.

ಇನ್ನು ಕೂರುವ ರೀತಿ. ಹ್ಯಾಂಡಲ್ ಕೆಳಗೆ, ಕಾಲು ಹಿಂದೆ, ಬೆನ್ನು ಬಾಗಿ. ಇದು ಸ್ಟೈಲ್‌ಗೆ ಮಾಡಿದ್ದಲ್ಲ, ಅದಕ್ಕೆ ಕಾರಣ ಇದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರ್ತದೆ ಅಂತ ನಾವು ಓದಿದ್ದೀವಿ. 30ರಲ್ಲಿ ಇರೋದಕ್ಕಿಂತ 90ರಲ್ಲಿ ಅದು ಒಂಬತ್ತು ಪಟ್ಟು. ಆ ವೇಗದಲ್ಲಿ ಎದುರುಗಾಳಿ ಎದೆಯನ್ನು ಹಿಂದಕ್ಕೆ ಒತ್ತಿ ಹಿಡೀತದೆ, ಆಗ ಮಣಿಕಟ್ಟಿನ ಮೇಲಿನ ಭಾರ ಇಳೀತದೆ. ಉಣಕಲ್ ಸಿಗ್ನಲ್‌ನಲ್ಲಿ ಎಲ್ಲಿಯ ಗಾಳಿ? ಎದೆ, ತಲೆ, ಹೆಲ್ಮೆಟ್, ಬೆನ್ನ ಮೇಲಿನ ಬ್ಯಾಗ್, ಎಲ್ಲಾ ಭಾರ ಎರಡು ಅಂಗೈ ಮೇಲೆ. ಪ್ರತಿ ಸಲ ಬ್ರೇಕ್ ಹಿಡಿದಾಗ ಇನ್ನಷ್ಟು. ಡಿಸೈನರ್ ತಪ್ಪು ಮಾಡಿಲ್ಲ. ಅವನು 90ಕ್ಕೆ ಮಾಡಿದ, ನಾನು 30ರಲ್ಲಿ ಕೂತೀನಿ. ಮೊದಲ ಇಂಟರ್ನಲ್ಸ್ ದಿನ ಪೆನ್ ಹಿಡಿದಾಗ ಬೆರಳು ಜೋಮು ಹಿಡಿದಿತ್ತು. ಪ್ರಶ್ನೆಪತ್ರಿಕೆ ಕಷ್ಟ ಇತ್ತು ಅಂತ ಮನೆಯಲ್ಲಿ ಹೇಳಿದೆ. ಅದೂ ಸುಳ್ಳಲ್ಲ.

ಹಂಪ್‌ಗಳ ಬಗ್ಗೆ ಸಿವಿಲ್‌ನವರಿಗೆ ಒಂದು ಮಾತು. ಟ್ರ್ಯಾಕ್‌ಗೆ ಮಾಡಿದ ಕಾರು ನಮ್ಮ ಹಂಪ್ ದಾಟಲ್ಲ ಅಂತ ಎಲ್ಲರೂ ನಗ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಪ್ರಕಾರ ಸಾಮಾನ್ಯ ರಸ್ತೆಯ ಹಂಪ್ 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ನುಣುಪಾದ ಕಮಾನು. 25 ಕಿ.ಮೀ. ವೇಗದಲ್ಲಿ ದಾಟೋಕೆ ಅಂತಲೇ ಆ ಲೆಕ್ಕ. ಎಲೀಸ್‌ನ ವೀಲ್‌ಬೇಸ್ 2.3 ಮೀಟರ್. ಆ ಕಮಾನಿನ ಮೇಲೆ ನಾಲ್ಕೂ ಚಕ್ರ ನಿಂತಾಗ ನಡುವೆ ಹಂಪ್ ಎದ್ದು ಬರೋದು ಸುಮಾರು 4 ಸೆಂ.ಮೀ. ಮಾತ್ರ. ನೀವೇ ಲೆಕ್ಕ ಹಾಕಿ ನೋಡಿ, ಎರಡು ಸಾಲಿನ ಜಾಮಿಟ್ರಿ. ಅಂದ್ರೆ ಪುಸ್ತಕದ ಹಂಪ್ ಇದ್ದರೆ ಎಲೀಸ್ ಕೂಡ ನವನಗರದಲ್ಲಿ ಓಡಾಡಬಹುದು. ಆದರೆ ನಮ್ಮ ಬಡಾವಣೆಗಳ ಒಳಗಿನ ಹಂಪ್ ರಾತ್ರೋರಾತ್ರಿ ಒಂದು ಬುಟ್ಟಿ ಕಾಂಕ್ರೀಟ್ ಸುರಿದು ಮಾಡಿದ್ದು. ಬಣ್ಣ ಇಲ್ಲ, ಬೋರ್ಡ್ ಇಲ್ಲ, ಗೋಡೆ ಇದ್ದಂಗೆ ಇರ್ತದೆ. ಗಟ್ಟಿ ಸಸ್ಪೆನ್ಷನ್ ಇರೋ ನನ್ನ ಗಾಡಿ ಅದರ ಮೇಲೆ ಹಾರಿದಾಗ ಬೆನ್ನುಹುರಿಗೇ ಸುದ್ದಿ ಮುಟ್ತದೆ. ಮಳೆಗಾಲದಲ್ಲಿ ಅದೂ ಕಾಣಲ್ಲ. ಎರಿ ಮಣ್ಣಿನ ನೀರು ತುಂಬಿದ ಮೇಲೆ ಹಂಪ್ ಯಾವುದು, ತಗ್ಗು ಯಾವುದು?

ಇಷ್ಟು ಓದಿ "ಇವನು ಬೈಕ್ ದ್ವೇಷಿ" ಅನ್ಕೋಬೇಡಿ. ಈ ಗಾಡಿ ನನ್ನ ಜೀವ ಉಳಿಸಿದೆ. ಫಸ್ಟ್ ಇಯರ್‌ನ ಜೂನ್ ತಿಂಗಳು, ಉಣಕಲ್ ಕೆರೆ ಹತ್ತಿರ, ಜಿಟಿಜಿಟಿ ಮಳೆ. ನಿಂತಿದ್ದ ಒಂದು ಟೆಂಪೊ ಹಿಂದಿನಿಂದ ಎಮ್ಮೆ ಬಂತು. ಪೂರ್ತಿ ಬ್ರೇಕ್ ಹಿಡಿದೆ. ಲಿವರ್ ಬೆರಳ ಕೆಳಗೆ ಟಕಟಕ ಅಂತು, ಎಬಿಎಸ್ ಕೆಲಸ ಮಾಡ್ತು, ಗಾಡಿ ನೆಟ್ಟಗೆ ನಿಂತಿತು. ಎಮ್ಮೆ ನನ್ನ ಮುಖ ನೋಡಿ ನಿಧಾನ ಹೋಯ್ತು. ಆರ್15ನಂಥ ಗಾಡಿಗೆ ಮುಂದೆ 282 ಎಂ.ಎಂ. ಡಿಸ್ಕ್ ಇರ್ತದೆ. ಅಪ್ಪನ ಸ್ಪ್ಲೆಂಡರ್‌ಗೆ 130 ಎಂ.ಎಂ. ಡ್ರಮ್. ಸರ್ಕಾರ 125 ಸಿಸಿ ಮೇಲಿನ ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲ್‌ನಿಂದ, ಅದಾಗಲೇ ಮಾರಾಟದಲ್ಲಿದ್ದವಕ್ಕೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಮಾಡಿತು. ಅದಕ್ಕಿಂತ ಸಣ್ಣವಕ್ಕೆ ಎರಡು ಬ್ರೇಕ್ ಒಟ್ಟಿಗೆ ಹಿಡಿಯೋ ವ್ಯವಸ್ಥೆ ಸಾಕು ಅಂತು. ಅಂದು ನಾನು ಸ್ಪ್ಲೆಂಡರ್ ಮೇಲೆ ಇದ್ದಿದ್ದರೆ ಏನಾಗ್ತಿತ್ತೋ.

ಅದಕ್ಕೇ ನನ್ನ ಅಭಿಪ್ರಾಯ ಇದು. ಟ್ರ್ಯಾಕ್‌ನಿಂದ ನಮ್ಮ ರಸ್ತೆಗೆ ಬರಬೇಕಾದದ್ದು ಬ್ರೇಕು, ಟೈರು, ಗಟ್ಟಿ ಚಾಸಿ. ದಿನಾ ಕೆಲಸಕ್ಕೆ ಬರೋದು ಇವೇ. ಆದರೆ ಇವನ್ನು ಯಾರೂ ನಿಂತು ನೋಡಲ್ಲ. ನಾವು ಆಸೆಪಡೋದು ಕೆಳಗಿನ ಹ್ಯಾಂಡಲ್, ಮೇಲಿನ ಸೀಟು, ಸೈಲೆನ್ಸರ್ ಸದ್ದು. ಸೀಟು ಮೇಲಿಲ್ಲದ, ಹ್ಯಾಂಡಲ್ ನೆಟ್ಟಗಿರೋ, ಅದೇ ಬ್ರೇಕಿನ ಗಾಡಿಗಳು ಅದೇ ಬೆಲೆಗೆ, ಕೆಲವು ಇನ್ನೂ ಕಡಿಮೆಗೆ ಸಿಗ್ತವೆ. ಶೋರೂಮಿನಲ್ಲಿ ಅವುಗಳ ಕಡೆ ನಾನು ತಿರುಗಿಯೂ ನೋಡಿರಲಿಲ್ಲ.

ಈಗ ಸೀರೆ ಗಾರ್ಡ್ ವಿಷಯಕ್ಕೆ ಬರ್ತೀನಿ. ಅದು ಕಂಪನಿಯವರು ದಯೆಯಿಂದ ಕೊಡೋದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳ್ತದೆ: ಹಿಂದೆ ಕೂರುವವರಿಗೆ ಹಿಡಿಕೆ ಬೇಕು, ಕಾಲಿಡೋಕೆ ಜಾಗ ಬೇಕು, ಬಟ್ಟೆ ಸಿಕ್ಕಿಹಾಕಿಕೊಳ್ಳದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚಿರಬೇಕು. ನಮ್ಮ ಅವ್ವಂದಿರು, ಅಕ್ಕಂದಿರು ಸೀರೆ, ದುಪಟ್ಟಾ ಹಾಕಿಕೊಂಡು ಕೂರ್ತಾರೆ ಅಂತ ಗೊತ್ತಿದ್ದೇ ಮಾಡಿದ ನಿಯಮ. ನಮ್ಮ ಹುಡುಗರು ಹೊಸ ಗಾಡಿ ತಂದ ವಾರದೊಳಗೆ ಮೊದಲು ಬಿಚ್ಚೋದು ಅದನ್ನೇ. ನಾನೂ ಬಿಚ್ಚಿದೆ. "ಲುಕ್ ಹಾಳಾಗ್ತದ ಲೇ" ಅಂದ ಗೆಳೆಯ, ಹೌದು ಅಂದೆ. ಆರ್‌ಟಿಓ ಆಫೀಸ್ ನಮ್ಮ ಮನೆ ಹತ್ತಿರವೇ, ಪೊಲೀಸ್ ಕಮಿಷನರ್ ಕಚೇರಿಯೂ ನವನಗರದಲ್ಲೇ. ಎರಡರ ಮುಂದೆಯೂ ದಿನಾ ಹಾಗೇ ಓಡಾಡಿದೆ.

ಹಗುರ ಮಾಡೋದು ಅಂದ್ರೆ ಬೇಡದ್ದನ್ನು ತೆಗೆಯೋದು. ರೇಸ್ ಕಾರು ಮಾಡೋರು ಇದನ್ನೇ ಮಾಡ್ತಾರೆ: ಹಿಂದಿನ ಸೀಟು ಬೇಡ, ಕಾರ್ಪೆಟ್ ಬೇಡ, ಸದ್ದು ತಡೆಯೋ ಸ್ಪಂಜು ಬೇಡ. ಫಾರ್ಮುಲಾ ಭಾರತ್, ಬಾಹಾ ಅಂತ ಸ್ಪರ್ಧೆಗೆ ಗಾಡಿ ಕಟ್ಟೋ ವಿದ್ಯಾರ್ಥಿಗಳೂ ಒಂದೊಂದು ಬ್ರಾಕೆಟ್ ತೂಗಿ ತೂಗಿ ತೂತು ಕೊರೀತಾರೆ. ಅದು ಸರಿ, ಯಾಕಂದ್ರೆ ಟ್ರ್ಯಾಕ್‌ನಲ್ಲಿ ಒಬ್ಬನೇ ಇರ್ತಾನೆ. ಆದರೆ ನಮ್ಮ ಮನೆಯ ಗಾಡಿಯಲ್ಲಿ ಯಾವುದು ಬೇಡ ಅಂತ ನಿರ್ಧಾರ ಮಾಡೋರು ಯಾರು? ನಾನು ಒಬ್ಬನೇ ಮಾಡಿದೆ. ನನ್ನ ಲಿಸ್ಟಿನಲ್ಲಿ ಬೇಡವಾದದ್ದು ಅವ್ವ ಕೂರೋ ಜಾಗ, ಅವ್ವನ ಸೀರೆಗೆ ಅಡ್ಡ ಇದ್ದ ಕಬ್ಬಿಣ, ಗಿರಣಿ ಡಬ್ಬಿ ಇಡೋ ತಾವು. ಅಪ್ಪನ ದುಡ್ಡು ಮಾತ್ರ ಬೇಡವಾಗಲಿಲ್ಲ.

"ಈ ವಯಸ್ಸಿನಾಗ ಓಡಸ್ಲಿಲ್ಲಾ ಅಂದ್ರ ಮುದುಕ ಆದಮ್ಯಾಲ ಓಡಸ್ತೀಯೇನಪಾ?" ಅಂತ ಗೆಳೆಯರು ಕೇಳ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಎಲ್ಲವನ್ನೂ ಲೆಕ್ಕ ಹಾಕಿ ಬದುಕೋಕಾಗಲ್ಲ. ಹೋದ ನವೆಂಬರ್‌ನಲ್ಲಿ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದಾಗ ಈ ಗಾಡಿ ಯಾಕೆ ಹುಟ್ಟಿದೆ ಅಂತ ಗೊತ್ತಾಯ್ತು. ತಿರುವಿನಲ್ಲಿ ನೋಡಿದ ಕಡೆಗೆ ತಾನಾಗೇ ಹೋಗ್ತದೆ. ಮಣಿಕಟ್ಟು ನೋವು ನೆನಪೇ ಇರಲಿಲ್ಲ. ಆದರೆ ವರ್ಷಕ್ಕೆ ಎರಡು ಸಲ ಅರಬೈಲ್, ಉಳಿದ 363 ದಿನ ಉಣಕಲ್ ಸಿಗ್ನಲ್. ಅರಬೈಲ್ ಕೂಡ ಟ್ರ್ಯಾಕ್ ಅಲ್ಲ, ತಿರುವಿನ ಆ ಕಡೆಯಿಂದ ಲಾರಿ ಬರ್ತದೆ. ನಿಜವಾದ ಟ್ರ್ಯಾಕ್ ಬೇಕು ಅಂದ್ರೆ ಚೆನ್ನೈ ಹತ್ತಿರ ಇದೆ, ಕೊಯಮತ್ತೂರಿನಲ್ಲಿ ಇದೆ. ಚೆನ್ನೈ ಇಲ್ಲಿಂದ 700 ಕಿ.ಮೀ. ಮೇಲೆ. ಹತ್ತಿರ ಏನೂ ಇಲ್ಲ ಅಂತಲೇ ನಮ್ಮ ಹುಡುಗರು ಬೈಪಾಸ್‌ಗೆ ಹೋಗ್ತಾರೆ, ಟಾಪ್ ಸ್ಪೀಡ್ ನೋಡೋಕೆ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಎಷ್ಟು ಮನೆಗಳ ದೀಪ ಆರಿಸಿದೆ ಅಂತ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ನಾನೂ ಒಂದು ಸಲ ಹೋಗಿದ್ದೆ. ಮೀಟರ್ ಮೇಲೆ ಎಷ್ಟು ಬಂತು ಅಂತ ಇಲ್ಲಿ ಬರೆಯಲ್ಲ. ಅವತ್ತು ಗಾಡಿ ನನ್ನನ್ನ ಹಾಗೆ ಓಡಿಸಿತು ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. 10,000 ಆರ್‌ಪಿಎಂ ಇರೋ ಗಾಡಿ ದಿನಾ 4,000ದಲ್ಲಿ ಇದ್ದರೆ ಉಳಿದ 6,000 ಎಲ್ಲೋ ಕರೀತಿರ್ತದೆ, ಅದು ನಿಜ. ಹೋದದ್ದು ಮಾತ್ರ ನಾನೇ.

ಆ ಗುರುವಾರದ ನಂತರ ಏನು ಮಾಡಿದೆ? ಮೊದಲು ಸೀರೆ ಗಾರ್ಡ್ ಮತ್ತು ಹಿಡಿಕೆ ವಾಪಸ್ ಹಾಕಿಸಿದೆ. ನಮ್ಮ ಗ್ಯಾರೇಜಿನ ಕಾಕಾ ನಕ್ಕು, "ತೆಗಸಾಕ ಬರಾವ್ರು ಭಾಳ ಮಂದಿ, ಹಾಕಸಾಕ ಬಂದಾವ ನೀ ಒಬ್ಬನ ನೋಡು" ಅಂದ್ರು. ಅವ್ವ ಆದರೂ ಹತ್ತಲಿಲ್ಲ. ಸೀಟಿನ ಎತ್ತರ ಸ್ಪ್ಯಾನರ್‌ನಿಂದ ಇಳಿಯಲ್ಲ. ಈಗ ಗುರುವಾರ ನಾನು ಅಪ್ಪನ ಸ್ಪ್ಲೆಂಡರ್ ಒಯ್ತೀನಿ, ಅವ್ವನ್ನ ಭೈರಿದೇವರಕೊಪ್ಪದಲ್ಲಿ ಇಳಿಸಿ ಕಾಲೇಜಿಗೆ ಬರ್ತೀನಿ. ಅಪ್ಪ ಆ ದಿನ ಎಪಿಎಂಸಿಗೆ ನಡಕೊಂಡು ಹೋಗ್ತಾರೆ. "ಡಾಕ್ಟರೂ ನಡೀರಿ ಅಂದಾರ ಬಿಡು" ಅಂತಾರೆ. ನನ್ನ ಗಾಡಿ ಕೀಲಿ ಒಂದು ಸಲ ಕೊಟ್ಟೆ, ಕೂತು ನೋಡಿ ಇಳಿದರು. "ನಿನ್ನ ವಯಸ್ಸಿಗೆ ಛಂದ ಅದ. ನನ್ನ ಬೆನ್ನಿಗೆ ಅಲ್ಲ." ಬೈಯಲಿಲ್ಲ, ಅದೇ ಕಷ್ಟ ಆಯ್ತು.

ನಾಲ್ಕನೇ ಸೆಮ್ ಮುಗಿದ ಮೇಲೆ ಮಾರ್ತೀನಿ ಅಂತ ಮನೆಯಲ್ಲಿ ಹೇಳಿದ್ದೀನಿ. ಬಂದ ದುಡ್ಡಿನಲ್ಲಿ ಮೊದಲು ಆ ಸೋರೋ ಮೂಲೆ, ಆಮೇಲೆ ಉಳಿದರೆ ನೆಟ್ಟಗೆ ಕೂರೋ, ಡಿಸ್ಕ್ ಮತ್ತು ಎಬಿಎಸ್ ಇರೋ ಒಂದು ಸಾದಾ ಗಾಡಿ. ಬೇಜಾರಾಗ್ತದೆ, ಸುಳ್ಳು ಹೇಳಲ್ಲ. ಮಾರೋಕೆ ಮುಂಚೆ ಇನ್ನೊಂದು ಸಲ ಅರಬೈಲ್‌ಗೆ ಹೋಗಿ ಬರ್ತೀನಿ, ನಿಧಾನವಾಗಿ.

ಮನೆಯಲ್ಲಿ ಎರಡು ಮೂರು ಗಾಡಿ ಇದ್ದು, ನಿಮ್ಮದೇ ದುಡ್ಡು ಇದ್ದರೆ, ಟ್ರ್ಯಾಕ್ ಬೈಕ್ ತಗೊಳ್ಳಿ, ಸಂತೋಷವಾಗಿ ಓಡಿಸಿ, ಸೀರೆ ಗಾರ್ಡ್ ಬಿಚ್ಚಬೇಡಿ. ಆದರೆ ಮನೆಗೆ ಬರೋ ಗಾಡಿ ಒಂದೇ ಆಗಿದ್ದು, ದುಡ್ಡು ಅಪ್ಪನದಾಗಿದ್ದರೆ, ಶೋರೂಮಿಗೆ ಹೋಗುವಾಗ ಗೆಳೆಯನನ್ನಲ್ಲ, ಅವ್ವನನ್ನ ಕರಕೊಂಡು ಹೋಗಿ. ಸ್ಪೆಸಿಫಿಕೇಷನ್ ಆಮೇಲೆ ಓದಿ. ಮೊದಲು ಅವ್ವನನ್ನ ಹಿಂದೆ ಕೂರೋಕೆ ಹೇಳಿ.